ವ್ಯೋಮಯಾತ್ರಿಯ ಮನಸ್ಸೂ ಮರೆಮಾಡಿದ ಸತ್ಯವೂ

ದೂರದ ಊರಿಗೆ ಹೊರಟವನಿಗೆ ಬುತ್ತಿ ಕಟ್ಟಿಕೊಡುವುದು ನಮ್ಮ ಮನೆಗಳ ಹಳೆಯ ರೂಢಿ. ಎಷ್ಟು ದಿನದ ದಾರಿಯೋ ಅಷ್ಟು ದಿನದ ರೊಟ್ಟಿ. ಇಂದು ಮಾನವನು ಭೂಮಿಯನ್ನೇ ಬಿಟ್ಟು ಹೊರಡುತ್ತಿದ್ದಾನೆ. ಅವನ ಬುತ್ತಿಯೂ ಅದಕ್ಕೆ ತಕ್ಕಂತೆ ದೊಡ್ಡದಾಗಿದೆ. ಉಸಿರಾಡುವ ಗಾಳಿಯನ್ನೂ ಕುಡಿಯುವ ನೀರನ್ನೂ ಅವನು ಜೊತೆಯಲ್ಲಿಯೇ ಒಯ್ಯಬೇಕು. ಮೈಯಿಂದ ಹೊರಬಿದ್ದ ಬೆವರನ್ನು ಮತ್ತೆ ಕುಡಿಯುವ ನೀರನ್ನಾಗಿ ಮಾಡುವ ಯಂತ್ರಗಳನ್ನು ವಿಜ್ಞಾನಿಗಳು ರಚಿಸಿಕೊಟ್ಟಿದ್ದಾರೆ. ಆದರೆ ತೂಕಕ್ಕೆ ಸಿಕ್ಕದ, ಪೆಟ್ಟಿಗೆಯಲ್ಲಿ ಹಿಡಿಸದ ಒಂದು ವಸ್ತುವೂ ಅವನೊಡನೆ ಪಯಣ ಮಾಡುತ್ತದೆ. ಅದು ಅವನ ಮನಸ್ಸು. ಆ ಮನಸ್ಸಿಗೆ ಯಾವ ಬುತ್ತಿಯನ್ನು ಕಟ್ಟಿಕೊಡಬೇಕು? ಈ ಪ್ರಶ್ನೆ ಹೊರನೋಟಕ್ಕೆ ಮನೋವಿಜ್ಞಾನದ್ದಾಗಿ ಕಂಡರೂ ಒಳಗೆ ಧರ್ಮಾಧರ್ಮದ ಪ್ರಶ್ನೆಯೇ ಆಗಿದೆ. ಆದುದರಿಂದ ಅದನ್ನು ನಿಮ್ಮ ಮುಂದಿಡಲು ಬಯಸುತ್ತೇನೆ.

ವ್ಯೋಮವಾಸವೆಂದರೆ ಏನೆಂಬುದನ್ನು ಮೊದಲು ನೆನೆಯೋಣ. ಭೂಮಿಯಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುವ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ 2000ದ ನವೆಂಬರಿನಿಂದ ಮನುಷ್ಯರು ಎಡೆಬಿಡದೆ ವಾಸಿಸುತ್ತಿದ್ದಾರೆ. ಒಬ್ಬೊಬ್ಬರು ಸಾಮಾನ್ಯವಾಗಿ ಆರು ತಿಂಗಳು ಅಲ್ಲಿರುತ್ತಾರೆ. ಅಲ್ಲಿ ಒಂದು ದಿನಕ್ಕೆ ಹದಿನಾರು ಸಲ ಸೂರ್ಯನು ಹುಟ್ಟಿ ಹದಿನಾರು ಸಲ ಮುಳುಗುತ್ತಾನೆ. ಯಂತ್ರಗಳ ಸದ್ದು ನಿಲ್ಲುವುದಿಲ್ಲ. ಕಿಟಕಿಯನ್ನು ತೆರೆಯುವಂತಿಲ್ಲ. ಜಗಳವಾದರೆ ಎದ್ದು ಹೊರಗೆ ಹೋಗಿ ಒಂದು ಸುತ್ತು ತಿರುಗಾಡಿ ಬರುವಂತಿಲ್ಲ. ನಿನ್ನೆ ನೋಡಿದ ಮುಖಗಳನ್ನೇ ಇಂದೂ ನೋಡಬೇಕು, ನಾಳೆಯೂ ನೋಡಬೇಕು.

ಇಂಥ ವಾಸವನ್ನು ಮನಸ್ಸು ತಾಳಬಲ್ಲುದೇ? ತಾಳಬಲ್ಲುದೆಂಬುದಕ್ಕೆ ಸಾಕ್ಷಿಯಿದೆ. ರಷ್ಯದ ವೈದ್ಯ ವಲೇರಿ ಪೊಲ್ಯಾಕೊವ್ ಅವರು 1994ರ ಜನವರಿಯಿಂದ 1995ರ ಮಾರ್ಚಿಯವರೆಗೆ ಒಂದೇ ಯಾನದಲ್ಲಿ 437 ದಿನ ಮೀರ್ ನಿಲ್ದಾಣದಲ್ಲಿದ್ದರು. ಆ ಅವಧಿಯುದ್ದಕ್ಕೂ ಅವರ ಮನಃಸ್ಥಿತಿಯನ್ನೂ ಕಾರ್ಯಶಕ್ತಿಯನ್ನೂ ಪರೀಕ್ಷಿಸಲಾಯಿತು. ಮೇಲೇರಿದ ಮೊದಲ ಮೂರು ವಾರಗಳಲ್ಲಿಯೂ ಕೆಳಗಿಳಿದ ಮೊದಲ ಎರಡು ವಾರಗಳಲ್ಲಿಯೂ ಮನಸ್ಸು ತೊಡಕಿಗೊಳಗಾಗಿತ್ತು. ನಡುವಣ ಅಷ್ಟು ತಿಂಗಳು ಅದು ಹೆಚ್ಚುಕಡಿಮೆ ಸ್ಥಿರವಾಗಿಯೇ ಉಳಿದಿತ್ತು. ಹಾಗಿದ್ದರೆ ಕಾಲದ ಉದ್ದವೊಂದೇ ಮನುಷ್ಯನನ್ನು ಮುರಿಯುವುದಿಲ್ಲ. ಮನಸ್ಸನ್ನು ಕೆಡಿಸುವ ಬೇರೆ ಸಂಗತಿಗಳಿರಬೇಕು. ಅವುಗಳಲ್ಲಿ ಒಂದನ್ನು ಕುರಿತು ಮಾತ್ರ ಇಲ್ಲಿ ವಿಚಾರ ಮಾಡೋಣ.

1977ರ ಡಿಸೆಂಬರ್ 10ರಂದು ಸೋವಿಯತ್ ದೇಶದ ಯೂರಿ ರೊಮನೆಂಕೊ ಮತ್ತು ಗಿಯೋರ್ಗಿ ಗ್ರೆಚ್ಕೊ ಅವರು ಸೊಯುಜ್ ನೌಕೆಯೊಂದರಲ್ಲಿ ಹೊರಟು ಸಲ್ಯೂತ್-6 ಎಂಬ ನಿಲ್ದಾಣವನ್ನು ಸೇರಿದರು. ಮಾನವನು ಅದುವರೆಗೆ ಎಂದೂ ಮಾಡದಿದ್ದಷ್ಟು ದೀರ್ಘವಾದ ವ್ಯೋಮವಾಸವನ್ನು ಮುಗಿಸಿ, 96 ದಿನಗಳ ಬಳಿಕ, 1978ರ ಮಾರ್ಚ್ 16ರಂದು ಅವರು ನೆಲಕ್ಕಿಳಿದರು. ಈ ಯಾನದ ನಡುವೆ ಗ್ರೆಚ್ಕೊ ಅವರ ತಂದೆ ತೀರಿಕೊಂಡರು. ನೆಲದ ಮೇಲಿದ್ದ ಅಧಿಕಾರಿಗಳು ಆ ವಾರ್ತೆಯನ್ನು ಮೇಲಕ್ಕೆ ಕಳುಹಿಸಲಿಲ್ಲ. ಯಾನ ಮುಗಿದ ಮೇಲೆಯೇ ಮಗನಿಗೆ ತಂದೆಯ ಮರಣವು ತಿಳಿಯಿತು.

ವಾಚಕರೇ, ಅವಸರದಿಂದ ತೀರ್ಪು ಕೊಡುವುದು ಬೇಡ. ಆ ಅಧಿಕಾರಿಗಳು ಕ್ರೂರಿಗಳಾಗಿದ್ದರೆಂದು ಹೇಳುವಂತಿಲ್ಲ. ಅವರ ಪಕ್ಷದಲ್ಲಿ ನಿಂತು ನೋಡೋಣ. ನೌಕೆಯೊಳಗೆ ಇಬ್ಬರ ಪ್ರಾಣವಿದೆ. ಒಬ್ಬನ ಕೈ ನಡುಗಿದರೆ ಇನ್ನೊಬ್ಬನಿಗೂ ಅಪಾಯ. ದುಃಖವಾರ್ತೆಯನ್ನು ಕೇಳಿದ ಮಗನು ಏನು ಮಾಡಬಲ್ಲನು? ಬರುವಂತಿಲ್ಲ, ಮುಖ ನೋಡುವಂತಿಲ್ಲ. ಪರಿಹಾರವಿಲ್ಲದ ನೋವನ್ನು ಕೊಡುವುದರಿಂದ ಯಾರಿಗೆ ಲಾಭ? ಇಳಿದು ಬಂದ ಮೇಲೆ, ಮನೆಯವರ ನಡುವೆ, ಅಳಲು ಒಂದು ಹೆಗಲು ಸಿಗುವಲ್ಲಿ ಹೇಳಿದರಾಯಿತು. ಈ ವಾದದಲ್ಲಿ ಕರುಣೆಯಿಲ್ಲವೆಂದು ಯಾರು ಹೇಳಬಲ್ಲರು? ನಮ್ಮಲ್ಲಿ ಎಷ್ಟು ಮಂದಿ ಇದೇ ಕರುಣೆಯಿಂದ ಇದೇ ಕೆಲಸವನ್ನು ಮಾಡಿಲ್ಲ?

ನಾನು ಮಾಡಿದ್ದೇನೆ. ಆದುದರಿಂದಲೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಸುಮಾರು ಅದೇ ವರ್ಷಗಳಲ್ಲಿ ನಾನು ಒಂದು ವಿದ್ಯಾರ್ಥಿ ನಿಲಯದಲ್ಲಿ ಮೇಲ್ವಿಚಾರಕನಾಗಿದ್ದೆ. ಬಡ ಒಕ್ಕಲು ಮನೆಯ ಹುಡುಗನೊಬ್ಬ ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆಯುತ್ತಿದ್ದ. ಇನ್ನೂ ಮೂರು ಪತ್ರಿಕೆಗಳು ಉಳಿದಿರುವಾಗ ಅವನ ಊರಿನಿಂದ ತಂತಿ ಬಂದಿತು. ತಂದೆ ಹೋಗಿಬಿಟ್ಟಿದ್ದ. ಹಿರಿಯರೊಡನೆ ಸಮಾಲೋಚಿಸಿದೆ. ಹುಡುಗನ ಒಂದು ವರ್ಷ ಹಾಳಾಗುವುದು ಬೇಡ, ಪರೀಕ್ಷೆ ಮುಗಿಯಲಿ ಎಂದರು. ತಂತಿಯನ್ನು ಜೇಬಿನಲ್ಲಿಟ್ಟುಕೊಂಡೆ. ನಾಲ್ಕು ದಿನ ಅವನೊಡನೆ ಪಂಕ್ತಿಯಲ್ಲಿ ಕುಳಿತು ಉಂಡೆ. ಪತ್ರಿಕೆ ಹೇಗಿತ್ತೆಂದು ಕೇಳಿದೆ. ಎಂದಿಗಿಂತ ಹೆಚ್ಚಾಗಿ ನಗಿಸಿದೆ. ಕೊನೆಯ ಪತ್ರಿಕೆ ಮುಗಿದ ಸಂಜೆ ಕರೆದು ಕೂಡಿಸಿಕೊಂಡು ಹೇಳಿದೆ. ತಂದೆಯ ಮಣ್ಣು ಆಗಿ ಮೂರು ದಿನ ಕಳೆದಿದ್ದವು. ಹುಡುಗ ಅಳಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, “ಗುರುಗಳ, ನಾಕು ದಿನ ನೀವು ನನ್ನ ಕೂಡ ಉಂಡ್ರಿ, ನಕ್ರಿ. ಅದ್ರಾಗ ಖರೇ ಯಾವ್ದಿತ್ರಿ?” ಎಂದು ಕೇಳಿದ.

ಅವನು ಒಳ್ಳೆಯ ದರ್ಜೆಯಲ್ಲಿ ತೇರ್ಗಡೆಯಾದ. ನಾವು ಎಣಿಸಿದ್ದ ಲಾಭವು ಕೈಗೂಡಿತು. ಮುಂದೆ ಎರಡು ವರ್ಷ ಅವನು ಅದೇ ನಿಲಯದಲ್ಲಿದ್ದು ಓದಿದ. ಆ ಎರಡು ವರ್ಷವೂ, ಯಾರಾದರೂ ಅಕ್ಕರೆಯಿಂದ ಹೆಸರು ಹಿಡಿದು ಕರೆದರೆ ಅವನ ಮುಖ ಬಿಳಿಚಿಕೊಳ್ಳುತ್ತಿತ್ತು. “ಏನಾತ್ರೀ?” ಎಂದು ಕೇಳುತ್ತಿದ್ದ. ನಾವು ಅವನಿಂದ ಬಚ್ಚಿಟ್ಟದ್ದು ನಾಲ್ಕು ದಿನದ ಒಂದು ವಾರ್ತೆಯನ್ನು. ಕಸಿದುಕೊಂಡದ್ದು ಮಾತ್ರ ಅಕ್ಕರೆಯನ್ನು ನಂಬುವ ಶಕ್ತಿಯನ್ನು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಆ ಹುಡುಗನು ಮಣ್ಣಿಗೆ ಹೋಗಬಹುದಾಗಿತ್ತು. ನೀವು ಅವನ ಹಕ್ಕನ್ನು ತಪ್ಪಿಸಿದಿರಿ. ವ್ಯೋಮಯಾತ್ರಿಗಾದರೋ ಹೋಗುವ ಸಾಧ್ಯತೆಯೇ ಇರಲಿಲ್ಲ. ಎರಡೂ ಹೇಗೆ ಸಮಾನವಾದಾವು? ಆಕ್ಷೇಪವು ಯೋಗ್ಯವಾದುದೇ. ಆದರೆ ಶೋಕವೆಂದರೆ ಸಮಾಧಿಯ ಬಳಿ ನಿಲ್ಲುವುದಷ್ಟೇ ಅಲ್ಲ. ತಂದೆಯಿಲ್ಲದ ಲೋಕದಲ್ಲಿ ನಾನೀಗ ಬಾಳುತ್ತಿದ್ದೇನೆಂಬ ಅರಿವು ಮಗನಿಗೆ ಸಲ್ಲಬೇಕಾದುದು. ಆ ಅರಿವಿಲ್ಲದೆ ಅವನು ನಕ್ಕ ನಗೆ, ತಂದೆಗೆ ತೋರಿಸಬೇಕೆಂದು ಮನಸ್ಸಿನಲ್ಲಿ ಕೂಡಿಟ್ಟುಕೊಂಡ ನೋಟಗಳು, ಇವೆಲ್ಲ ಸತ್ಯ ತಿಳಿದ ದಿನ ಹಿಂತಿರುಗಿ ಬಂದು ಅವನನ್ನು ಚುಚ್ಚುತ್ತವೆ. ನೋವನ್ನು ತಪ್ಪಿಸಿದೆವೆಂದು ನಾವು ಭಾವಿಸುತ್ತೇವೆ. ನಿಜವಾಗಿ ಅದನ್ನು ಮುಂದೂಡಿ, ಅದಕ್ಕೆ ಬಡ್ಡಿಯನ್ನೂ ಕೂಡಿಸಿರುತ್ತೇವೆ.

ಅಷ್ಟೇ ಅಲ್ಲ, ಆ ಬಡ್ಡಿಯನ್ನು ತೆರಬೇಕಾದವನು ಅವನೊಬ್ಬನೇ ಅಲ್ಲ. ಒಬ್ಬ ಯಾತ್ರಿಯಿಂದ ತಂದೆಯ ಮರಣವನ್ನು ಮುಚ್ಚಿಟ್ಟರೆಂಬುದು ಒಂದು ದಿನ ಎಲ್ಲರಿಗೂ ಗೊತ್ತಾಗುತ್ತದೆ. ಅವನ ಬಳಿಕ ಮೇಲೇರುವ ಪ್ರತಿಯೊಬ್ಬನೂ, ನೆಲದಿಂದ ಬರುವ ‘ಮನೆಯಲ್ಲಿ ಎಲ್ಲರೂ ಕ್ಷೇಮ’ ಎಂಬ ಮಾತನ್ನು ಎರಡು ಸಲ ತೂಗಿ ನೋಡುತ್ತಾನೆ. ಒಬ್ಬನ ಮೇಲೆ ತೋರಿದ ಕರುಣೆಯು ಹೀಗೆ ನೂರು ಮಂದಿಯ ನಂಬಿಕೆಯ ಗಂಟಿನಿಂದ ಖರ್ಚಾಗುತ್ತದೆ.

ಮರೆಮಾಡುವ ಅಭ್ಯಾಸವು ನೆಲದವರದು ಮಾತ್ರವೆಂದು ತಿಳಿಯಬೇಡಿ. ಮೇಲಿರುವವರೂ ಕೆಳಗಿನವರಿಂದ ಮುಚ್ಚಿಡುತ್ತಾರೆ. ಹಾರಾಟದ ವೃತ್ತಿಯವರಿಗೆ ವೈದ್ಯನೆಂದರೆ ಒಂದು ಬಗೆಯ ಅಂಜಿಕೆ. ‘ನನಗೆ ನಿದ್ರೆ ಬರುತ್ತಿಲ್ಲ, ಮನಸ್ಸು ಕುಗ್ಗಿದೆ’ ಎಂದು ಬಾಯಿಬಿಟ್ಟರೆ ಮುಂದಿನ ಯಾನಕ್ಕೆ ತನ್ನನ್ನು ಕಳುಹಿಸಲಾರರೆಂಬ ಭಯ. ಈ ಮಾತಿಗೆ ಅಮೆರಿಕದ ಸ್ಕೈಲ್ಯಾಬ್ ನಿಲ್ದಾಣದ ಕೊನೆಯ ತಂಡದ ಕಥೆಯು ಒಳ್ಳೆಯ ದೃಷ್ಟಾಂತವಾಗಿದೆ. ಜೆರಾಲ್ಡ್ ಕಾರ್, ಎಡ್ವರ್ಡ್ ಗಿಬ್ಸನ್, ವಿಲಿಯಂ ಪೋಗ್ ಎಂಬ ಮೂವರು 1973ರ ನವೆಂಬರ್ 16ರಂದು ಮೇಲೇರಿದರು. ಮೂವರಿಗೂ ಅದು ಮೊದಲ ಯಾನ. ಮೇಲೇರಿದ ಮೊದಲ ದಿನವೇ ಪೋಗ್ ಅವರಿಗೆ ವಾಂತಿಯಾಯಿತು. ಇದನ್ನು ಕೆಳಗೆ ತಿಳಿಸುವುದು ಬೇಡವೆಂದು ಅವರು ತಮ್ಮತಮ್ಮಲ್ಲಿಯೇ ನಿಶ್ಚಯಿಸಿದರು. ಆದರೆ ಅವರಾಡಿದ ಮಾತುಗಳನ್ನು ನೌಕೆಯ ಧ್ವನಿಮುದ್ರಣ ಯಂತ್ರವು ಹಿಡಿದಿಟ್ಟುಕೊಂಡಿತ್ತು; ನೆಲದವರು ಅದನ್ನು ಕೇಳಿದರು. ವ್ಯೋಮಯಾತ್ರಿಗಳ ಮುಖ್ಯಸ್ಥರಾಗಿದ್ದ ಆಲನ್ ಶೆಪರ್ಡ್ ಅವರು ಎಲ್ಲರಿಗೂ ಕೇಳಿಸುವಂತೆ ರೇಡಿಯೋದಲ್ಲಿಯೇ ಅವರನ್ನು ಆಕ್ಷೇಪಿಸಿದರು. ಕಾರ್ ಅವರು ತಪ್ಪನ್ನೊಪ್ಪಿಕೊಂಡರು.

ಮುಂದಿನ ಆರು ವಾರಗಳು ಇಬ್ಬರಿಗೂ ಕಷ್ಟದವಾದವು. ಹಿಂದಿನ ತಂಡದ ವೇಗವನ್ನೇ ಅಳತೆಗೋಲಾಗಿಟ್ಟುಕೊಂಡು ನೆಲದವರು ಹೊಸಬರ ಮೇಲೆ ಕೆಲಸದ ಹೊರೆಯನ್ನು ಹೇರಿದರು. ಇವರು ಹಿಂದೆ ಬಿದ್ದರು, ತಪ್ಪು ಮಾಡಿದರು, ಒಳಗೊಳಗೇ ಕುದಿದರು. ಕೊನೆಗೆ ಡಿಸೆಂಬರ್ 30ರಂದು ಮೇಲಿನವರೂ ಕೆಳಗಿನವರೂ ಮನಸ್ಸು ಬಿಚ್ಚಿ ಮಾತನಾಡಿದರು. ನಮಗೆ ಬಿಡುವು ಬೇಕು, ಉಂಡ ಮೇಲೆ ಸ್ವಲ್ಪ ಹೊತ್ತು ನಮ್ಮ ಪಾಡಿಗೆ ನಮ್ಮನ್ನು ಬಿಡಿ ಎಂದು ಇವರು ಹೇಳಿದರು, ಅವರು ಒಪ್ಪಿದರು. ಸಣ್ಣಪುಟ್ಟ ಕೆಲಸಗಳನ್ನು ಗಂಟೆಗೆ ಕಟ್ಟಿಹಾಕದೆ ಇವರ ಅನುಕೂಲಕ್ಕೆ ಬಿಡಲಾಯಿತು. ಆ ಬಳಿಕ ಕೆಲಸವು ಸುಗಮವಾಗಿ ಸಾಗಿ, 84 ದಿನಗಳ ಯಾನವು ಯಶಸ್ವಿಯಾಗಿ ಮುಗಿಯಿತು. ಆ ತಂಡವು ಮುಷ್ಕರ ಹೂಡಿತೆಂಬ ಕಥೆಯೊಂದು ಬಹುಕಾಲ ಪ್ರಚಾರದಲ್ಲಿತ್ತು. ಅದು ನಿಜವಲ್ಲವೆಂದು ಆ ಯಾತ್ರಿಗಳೇ ಹೇಳಿದ್ದಾರೆ. ನಿಜವಾಗಿ ನಡೆದದ್ದು ಮುಷ್ಕರಕ್ಕಿಂತ ಅಪರೂಪವಾದುದು: ದೊಡ್ಡವರೂ ಚಿಕ್ಕವರೂ ಒಬ್ಬರಿಗೊಬ್ಬರು ಇದ್ದುದನ್ನು ಇದ್ದಂತೆ ಹೇಳಿಕೊಂಡರು. ಯಾನದ ಮೊದಲ ದಿನ ಒಂದು ವಾಂತಿಯನ್ನು ಮುಚ್ಚಿಡಲು ಹೊರಟ ಅದೇ ಮೂವರನ್ನು ಕೊನೆಗೆ ಉಳಿಸಿದ್ದು ಬಿಚ್ಚುಮಾತು.

ಹೀಗೆ ಮೇಲಿನವರಿಗೂ ಕೆಳಗಿನವರಿಗೂ ನಡುವೆ ಇರುವ ಸಂಬಂಧವೇ ವ್ಯೋಮವಾಸದ ಅತ್ಯಂತ ಸೂಕ್ಷ್ಮವಾದ ತಂತುವೆಂದು ವಿದ್ವಾಂಸರ ಅಧ್ಯಯನಗಳೂ ತೋರಿಸುತ್ತವೆ. ಅಮೆರಿಕದ ಮನೋವೈದ್ಯ ನಿಕ್ ಕೆನಸ್ ಮತ್ತು ಅವರ ಸಂಗಡಿಗರು ಮೀರ್ ನಿಲ್ದಾಣದ ಯಾತ್ರಿಗಳನ್ನೂ ಬಳಿಕ ಅಂತರರಾಷ್ಟ್ರೀಯ ನಿಲ್ದಾಣದ ಯಾತ್ರಿಗಳನ್ನೂ ಪರಿಶೀಲಿಸಿದರು. ಒಳಗಿನ ಬೇಗುದಿಯನ್ನು ಜೊತೆಗಾರರ ಮೇಲೆ ತೋರಿಸಲಾರದೆ ಯಾತ್ರಿಗಳು ಅದನ್ನು ನೆಲದವರ ಮೇಲೆ ಹೊರಳಿಸುತ್ತಾರೆಂದು ಕಂಡುಕೊಂಡರು. ಇನ್ನೊಂದು ಪ್ರಯೋಗವು ಮಾಸ್ಕೋ ನಗರದಲ್ಲಿ ನಡೆಯಿತು. 2010ರ ಜೂನ್‌ನಿಂದ 2011ರ ನವೆಂಬರ್‌ವರೆಗೆ, ಮಂಗಳಗ್ರಹಕ್ಕೆ ಹೋಗಿಬರುವ ಯಾನದ ಅನುಕರಣೆಯಾಗಿ, ಆರು ಮಂದಿ ಗಂಡಸರು 520 ದಿನ ಮುಚ್ಚಿದ ಕೊಠಡಿಗಳಲ್ಲಿ ವಾಸಿಸಿದರು. ಮೂವರು ರಷ್ಯದವರು, ಒಬ್ಬ ಫ್ರಾನ್ಸಿನವ, ಒಬ್ಬ ಇಟಲಿಯವ, ಒಬ್ಬ ಚೀನದವ. ಅವರು ತಮ್ಮತಮ್ಮಲ್ಲಿ ನಡೆದ ಘರ್ಷಣೆಗಳಿಗಿಂತ ಹೊರಗಿನ ನಿಯಂತ್ರಣ ಕೇಂದ್ರದೊಡನೆ ನಡೆದ ಘರ್ಷಣೆಗಳನ್ನು ಐದು ಪಟ್ಟು ಹೆಚ್ಚಾಗಿ ವರದಿ ಮಾಡಿದರು. ಕೋಪವೆಲ್ಲ ಹರಿಯುವ ಕಡೆಗೇ ನಂಬಿಕೆಯೂ ಹರಿಯಬೇಕಾಗಿದೆ. ಆ ಕಾಲುವೆಯಲ್ಲಿ ಒಂದೇ ಒಂದು ಸುಳ್ಳು ಸೇರಿದರೆ ಎಷ್ಟು ಅನರ್ಥವಾದೀತೆಂಬುದನ್ನು ನೀವೇ ಊಹಿಸಿಕೊಳ್ಳಿ.

ಸತ್ಯವನ್ನು ಹೇಳಿದರೆ ಮನುಷ್ಯನು ಮುರಿದುಬೀಳುವನೇ? ಈ ಪ್ರಶ್ನೆಗೂ ಅನುಭವವು ಉತ್ತರ ಕೊಟ್ಟಿದೆ. ಅಮೆರಿಕದ ಡೇನಿಯಲ್ ಟಾನಿ ಅವರು 2007ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋದರು. ಅವರನ್ನು ಕರೆತರಬೇಕಾಗಿದ್ದ ನೌಕೆಯು ಡಿಸೆಂಬರಿನಲ್ಲಿ ಇಂಧನ ಸಂವೇದಕಗಳ ದೋಷದಿಂದ ಹೊರಡಲಾರದೆ ಉಳಿಯಿತು. ಅದೇ ಡಿಸೆಂಬರಿನಲ್ಲಿ ಅವರ ತಾಯಿ ಕಾರು ಮತ್ತು ರೈಲಿನ ಅಪಘಾತದಲ್ಲಿ ಮಡಿದರು. ವಾರ್ತೆಯನ್ನು ಮಗನಿಂದ ಮುಚ್ಚಿಡಲಿಲ್ಲ. ಅವರು ನಿಲ್ದಾಣದಲ್ಲಿರುವಾಗಲೇ ತಿಳಿಸಿದರು. ಅಂತ್ಯಕ್ರಿಯೆಗೆ ಬರುವಂತಿರಲಿಲ್ಲ. 2008ರ ಜನವರಿ 30ರಂದು, ತಾಯಿ ತೀರಿದ ಸುಮಾರು ಆರು ವಾರಗಳ ಬಳಿಕ, ಟಾನಿ ಅವರು ತಂಡದ ನಾಯಕಿ ಪೆಗ್ಗಿ ವಿಟ್ಸನ್ ಅವರೊಡನೆ ನಿಲ್ದಾಣದ ಹೊರಗೆ ಹೋಗಿ, ಏಳು ಗಂಟೆಗೂ ಹೆಚ್ಚು ಕಾಲ ದುಡಿದು, ಸೌರಫಲಕವೊಂದನ್ನು ತಿರುಗಿಸುವ ಯಂತ್ರಭಾಗವನ್ನು ಬದಲಾಯಿಸಿದರು. ಶೋಕವನ್ನು ಹೊತ್ತ ಕೈಗಳು ಆ ಕಠಿಣ ಕಾರ್ಯವನ್ನು ನೆರವೇರಿಸಿದವು. ಒಂದು ನಿದರ್ಶನದಿಂದ ಎಲ್ಲರಿಗೂ ನಿಯಮವನ್ನು ಹಾಕಲಾಗದು, ನಿಜ. ಆದರೆ ಸತ್ಯವನ್ನು ಕೇಳಿದವನು ಕೈಲಾಗದವನಾಗುತ್ತಾನೆಂಬ ನಮ್ಮ ಪೂರ್ವಗ್ರಹವನ್ನು ಅಲುಗಾಡಿಸಲು ಅಷ್ಟೇ ಸಾಕು.

ಇನ್ನೊಂದು ಪ್ರಸಂಗವನ್ನೂ ಕೇಳಿ. 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಮೇಲೆ ವಿಮಾನಗಳ ದಾಳಿ ನಡೆದಾಗ, ಫ್ರಾಂಕ್ ಕಲ್ಬರ್ಟ್‌ಸನ್ ಅವರು ನಿಲ್ದಾಣದ ನಾಯಕರಾಗಿದ್ದರು. ಜೊತೆಯಲ್ಲಿದ್ದ ಇಬ್ಬರೂ ರಷ್ಯದವರು, ವ್ಲಾದಿಮಿರ್ ದೆಝುರೊವ್ ಮತ್ತು ಮಿಖಾಯಿಲ್ ಟ್ಯೂರಿನ್. ನೆಲದ ವೈದ್ಯರು ಅಂದೇ ಅವರಿಗೆ ಸುದ್ದಿಯನ್ನು ತಿಳಿಸಿದರು. ಕಿಟಕಿಯಿಂದ ನೋಡಿದಾಗ ನ್ಯೂಯಾರ್ಕ್ ನಗರದ ಮೇಲೆ ಎದ್ದ ಹೊಗೆ ಅವರಿಗೆ ಕಾಣಿಸಿತು. ಒಂದು ವಿಮಾನದ ಚಾಲಕನು ತಮ್ಮ ಸಹಪಾಠಿಯೇ ಆಗಿದ್ದನೆಂಬುದು ಮರುದಿನ ತಿಳಿಯಿತು. ಅಂದು ಆ ಇಬ್ಬರು ರಷ್ಯನ್ನರು ಏನು ಮಾಡಿದರೆಂಬುದನ್ನು ಕಲ್ಬರ್ಟ್‌ಸನ್ ಅವರೇ ಬರೆದಿಟ್ಟಿದ್ದಾರೆ. ಟ್ಯೂರಿನ್ ಅವರು ಇವರಿಗೆ ಪ್ರಿಯವಾದ ಬೋರ್ಷ್ ಎಂಬ ಕೆಂಪು ಗಡ್ಡೆಯ ಸಾರನ್ನು ರಾತ್ರಿಯೂಟಕ್ಕೆ ಸಿದ್ಧಪಡಿಸಿ ಕೊಟ್ಟರು. ಒಬ್ಬರೇ ಇರಬೇಕೆನಿಸಿದಾಗ ಇಬ್ಬರೂ ದೂರ ಸರಿದು ಅವಕಾಶ ಮಾಡಿಕೊಟ್ಟರು. ಒಂದು ಬಟ್ಟಲು ಸಾರು, ಸ್ವಲ್ಪ ಏಕಾಂತ. ಯಾವ ದೊಡ್ಡ ಶಾಸ್ತ್ರದ ಪುಸ್ತಕವೂ ಇದಕ್ಕಿಂತ ಹೆಚ್ಚಿನ ಔಷಧವನ್ನು ಹೇಳಲಾರದು. ಆದರೆ ಗಮನಿಸಿ: ಸುದ್ದಿಯನ್ನು ಬಚ್ಚಿಟ್ಟಿದ್ದರೆ ಈ ಸಾರಿಗೂ ಅವಕಾಶವಿರುತ್ತಿರಲಿಲ್ಲ. ದುಃಖವು ತಿಳಿದಾಗಲೇ ಸಾಂತ್ವನವು ಬರಲು ಸಾಧ್ಯ.

‘ಹಾಗಾದರೆ ಯಾವಾಗ ಬೇಕಾದರೂ, ಹೇಗೆ ಬೇಕಾದರೂ ಹೇಳಿಬಿಡಬೇಕೇ?’ ಎಂದು ನೀವು ಕೇಳಬಹುದು. ಹಾಗಲ್ಲ. ನೌಕೆಯು ನಿಲ್ದಾಣಕ್ಕೆ ಬಂದು ಕೂಡುತ್ತಿರುವ ಗಳಿಗೆಯಲ್ಲಿ, ಯಾತ್ರಿಯು ಹೊರಗೆ ನಿಂತು ಕೆಲಸ ಮಾಡುತ್ತಿರುವ ಗಳಿಗೆಯಲ್ಲಿ ವಾರ್ತೆಯನ್ನು ತಡೆದಿಡುವುದು ವಿವೇಕವೇ ಸರಿ. ಹೊತ್ತು ನೋಡಿ ಹೇಳುವುದು ಬೇರೆ; ಹೊತ್ತು ಕಳೆಯಲೆಂದು ಹೇಳದಿರುವುದು ಬೇರೆ. ಮೊದಲನೆಯದು ಕೇಳುವವನ ಹಿತವನ್ನು ನೋಡುತ್ತದೆ. ಎರಡನೆಯದು ಹೆಚ್ಚಿನ ಪಾಲು ನಮ್ಮ ಕೆಲಸದ ಹಿತವನ್ನೋ ನಮ್ಮ ಅಳುಕನ್ನೋ ಕಾಪಾಡುತ್ತದೆ. ಆ ತಂತಿಯನ್ನು ಜೇಬಿನಲ್ಲಿಟ್ಟುಕೊಂಡ ನಾಲ್ಕು ದಿನಗಳಲ್ಲಿ ನಾನು ಕಾಪಾಡಿಕೊಂಡದ್ದು ಹುಡುಗನ ಪರೀಕ್ಷೆಯನ್ನಷ್ಟೇ ಅಲ್ಲ, ಅವನ ಮುಖ ನೋಡಿ ಹೇಳಬೇಕಾದ ಕಷ್ಟದಿಂದ ನನ್ನನ್ನೂ ಕೂಡ.

ಹೊರಡುವುದಕ್ಕೆ ಮುಂಚೆಯೇ ಯಾತ್ರಿಯನ್ನು ಕೇಳಿ, ದುಃಖವಾರ್ತೆ ಬಂದರೆ ಹೇಳಬೇಕೇ ಬೇಡವೇ ಎಂಬುದನ್ನು ಅವನ ಇಚ್ಛೆಗೇ ಬಿಡುವುದು ಉಚಿತವೆಂದು ಹಲವರು ಹೇಳುತ್ತಾರೆ. ಇದು ಯೋಗ್ಯವಾದ ಮಾರ್ಗ. ಮನುಷ್ಯನನ್ನು ಮಗುವಿನಂತೆ ಕಾಣದೆ ಅವನ ಬಾಳಿನ ಒಡೆಯನೆಂದು ಕಾಣುವ ಮಾರ್ಗ. ಆದರೆ ಇದರಲ್ಲಿಯೂ ಒಂದು ಸೂಕ್ಷ್ಮವಿದೆ. ‘ನನಗೆ ಹೇಳಿ’ ಎಂದವನು ವಾರ್ತೆಯಿಲ್ಲದ ದಿನಗಳಲ್ಲಿ ನೆಮ್ಮದಿಯಿಂದಿರುತ್ತಾನೆ. ಏಕೆಂದರೆ ಅವನಿಗೆ ಮೌನವೇ ಕ್ಷೇಮವಾರ್ತೆ. ‘ಹೇಳಬೇಡಿ’ ಎಂದವನ ಪಾಡು ಬೇರೆ. ಅವನಿಗೆ ಮೌನವೂ ಸಂಶಯ, ಕ್ಷೇಮವಾರ್ತೆಯೂ ಸಂಶಯ. ಮನೆಯವರ ದನಿಯಲ್ಲಿ ಒಂದು ಚಿಕ್ಕ ತಡವರಿಕೆ ಕೇಳಿದರೂ ಅವನ ನಿದ್ರೆ ಹಾರಿಹೋಗುತ್ತದೆ. ಅವನ ಇಚ್ಛೆಯನ್ನು ನಾವು ಗೌರವಿಸಲೇಬೇಕು. ಆದರೆ ಇಚ್ಛಿಸುವುದಕ್ಕೆ ಮುಂಚೆ ಈ ಮಾತನ್ನು ಅವನಿಗೆ ತಿಳಿಸಿಹೇಳುವುದೂ ನಮ್ಮ ಕರ್ತವ್ಯವಾಗಿದೆ.

ಇಲ್ಲಿಗೆ ಮನೋವಿಜ್ಞಾನದ ನಿಜವಾದ ಸ್ಥಾನವು ಸ್ಪಷ್ಟವಾಗುತ್ತದೆ. ಮೊದಮೊದಲು ಅದರ ಕೆಲಸವು ಗಟ್ಟಿಗರನ್ನು ಆರಿಸುವುದು, ದುರ್ಬಲರನ್ನು ಹೊರಗಿಡುವುದು ಎಂದಷ್ಟೇ ಎಣಿಸಲಾಗಿತ್ತು. ಈಗ ಅದರ ಕ್ಷೇತ್ರವು ವಿಸ್ತಾರವಾಗಿದೆ. ಅಂತರರಾಷ್ಟ್ರೀಯ ನಿಲ್ದಾಣದ ಯಾತ್ರಿಯು ಎರಡು ವಾರಕ್ಕೊಮ್ಮೆ ಮನೋವೈದ್ಯರೊಡನೆ ಗುಟ್ಟಾಗಿ ಮಾತನಾಡುವ ಏರ್ಪಾಡಿದೆ. ಮನೆಯವರೊಡನೆ ಮುಖ ನೋಡಿ ಮಾತನಾಡಲು ವಾರವಾರವೂ ಅವಕಾಶವಿದೆ. ಜ್ಯಾಕ್ ಸ್ಟಸ್ಟರ್ ಎಂಬ ಸಂಶೋಧಕರು ನಿಲ್ದಾಣದ ಹತ್ತು ಮಂದಿ ಯಾತ್ರಿಗಳಿಂದ ದಿನಚರಿಗಳನ್ನು ಬರೆಸಿ, ಹೆಸರು ಹೊರಬೀಳದೆಂಬ ಭರವಸೆ ಕೊಟ್ಟು ಓದಿ, 2010ರಲ್ಲಿ ವರದಿ ಮಾಡಿದರು. ಗುಟ್ಟು ಕಾಯುವ ಭರವಸೆಯು ಸಿಕ್ಕಿದಾಗ ಜನರು ತಮ್ಮ ಬೇಸರವನ್ನೂ ಸಿಟ್ಟನ್ನೂ ಆಯಾಸವನ್ನೂ ನಿಸ್ಸಂಕೋಚವಾಗಿ ಬರೆದರು. ಇದರಿಂದ ನಾವು ಕಲಿಯಬೇಕಾದುದೇನು? ನಿಜವನ್ನಾಡಿದರೆ ಶಿಕ್ಷೆಯಿಲ್ಲವೆಂಬ ಧೈರ್ಯವನ್ನು ಕೊಟ್ಟರೆ ಮನುಷ್ಯನು ನಿಜವನ್ನೇ ಆಡುತ್ತಾನೆ. ಸತ್ಯದ ಭಾರವನ್ನು ಹೊರುವಂತೆ ಮನಸ್ಸನ್ನು ಅಣಿಗೊಳಿಸುವುದು, ಅದನ್ನು ಇಳಿಸಿಕೊಳ್ಳಲು ಒಂದು ಕಟ್ಟೆಯನ್ನು ಕಟ್ಟಿಕೊಡುವುದು, ಇದೇ ಈ ಶಾಸ್ತ್ರದ ಧರ್ಮ. ಹೊರೆಯನ್ನು ಕಾಣದಂತೆ ಕಣ್ಣು ಕಟ್ಟುವುದು ಅದರ ಕೆಲಸವಲ್ಲ.

ಮುಂದೆ ಮಂಗಳಗ್ರಹಕ್ಕೆ ಮನುಷ್ಯರು ಹೋಗುವ ದಿನ ಬಂದಾಗ ಈ ಪ್ರಶ್ನೆಯು ಇನ್ನೂ ತೀಕ್ಷ್ಣವಾಗಲಿದೆ. ಹೋಗಿಬರಲು ಎರಡೂವರೆ ಮೂರು ವರ್ಷಗಳು ಬೇಕಾಗಬಹುದು. ಈಗಿನ ನಿಲ್ದಾಣದಿಂದಾದರೆ ಆಪತ್ತಿನಲ್ಲಿ ಕೆಲವೇ ಗಂಟೆಗಳಲ್ಲಿ ನೆಲಕ್ಕಿಳಿಯಬಹುದು. ಮಂಗಳದ ದಾರಿಯಿಂದ ಹಿಂತಿರುಗುವ ಮಾತೇ ಇಲ್ಲ. ಭೂಮಿಯು ಇತರ ನಕ್ಷತ್ರಗಳಂತೆ ಒಂದು ಬೆಳಕಿನ ಚುಕ್ಕೆಯಾಗಿ ಕಾಣುವುದು. ಇಲ್ಲಿಂದ ಆಡಿದ ಮಾತು ಅಲ್ಲಿಗೆ ಮುಟ್ಟಲು ಗ್ರಹಗಳ ದೂರಕ್ಕೆ ತಕ್ಕಂತೆ ಸುಮಾರು 3 ನಿಮಿಷದಿಂದ 22 ನಿಮಿಷ ಹಿಡಿಯುತ್ತದೆ. ದನಿಯಲ್ಲಿನ ತಡವರಿಕೆಯನ್ನು ಗುರುತಿಸಿ ‘ಏನಾಯಿತು?’ ಎಂದು ಒಡನೆಯೇ ಕೇಳುವಂತಿಲ್ಲ. ಅಷ್ಟು ದೂರದಲ್ಲಿರುವವನಿಗೆ ಲೋಕದ ಸುದ್ದಿಯೆಲ್ಲ ನಾವು ಕಳುಹಿಸಿದಷ್ಟೇ. ಮೂರು ವರ್ಷಗಳಲ್ಲಿ ಯಾರ ಮನೆಯಲ್ಲಿ ಹುಟ್ಟು ಸಾವುಗಳಾಗುವುದಿಲ್ಲ? ಸುದ್ದಿಯ ಬಾಗಿಲನ್ನು ಕಾಯುವವರ ಕೈಯಲ್ಲಿ ಇಷ್ಟು ಅಧಿಕಾರವು ಸೇರಿದಾಗ, ಅವರನ್ನು ಕಾಯುವುದು ಯಾವುದು? ಧರ್ಮಬುದ್ಧಿಯೊಂದೇ.

ಇದು ಪರದೇಶದವರ ಚಿಂತೆಯೆಂದು ನಾವು ಸುಮ್ಮನಿರುವಂತಿಲ್ಲ. 1984ರಲ್ಲಿ ರಾಕೇಶ್ ಶರ್ಮಾ ಅವರು ಸುಮಾರು ಎಂಟು ದಿನ ವ್ಯೋಮದಲ್ಲಿದ್ದು ಬಂದರು. 2025ರಲ್ಲಿ ಶುಭಾಂಶು ಶುಕ್ಲಾ ಅವರು ಹದಿನೆಂಟು ದಿನ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ವಾಸಿಸಿದರು. ಮಾನವ ವ್ಯೋಮಯಾನದ ಕೇಂದ್ರವೊಂದು 2019ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಸ್ಥಾಪಿತವಾಗಿದೆ. 2035ರ ಹೊತ್ತಿಗೆ ಸ್ವಂತ ನಿಲ್ದಾಣವನ್ನು ಕಟ್ಟುವ ಗುರಿಯನ್ನು ದೇಶವು 2023ರಲ್ಲಿ ಘೋಷಿಸಿದೆ. ದಿನಗಳ ಲೆಕ್ಕವು ತಿಂಗಳುಗಳ ಲೆಕ್ಕವಾಗುವ ಕಾಲ ದೂರವಿಲ್ಲ. ಅಂದು ನೆಲದ ಕೇಂದ್ರದಲ್ಲಿ ಕುಳಿತು, ಕೈಯಲ್ಲಿ ಒಂದು ದುಃಖವಾರ್ತೆಯನ್ನು ಹಿಡಿದು, ಹೇಳಲೋ ಬೇಡವೋ ಎಂದು ಯೋಚಿಸುವವರು ನಮ್ಮ ಮಕ್ಕಳೇ ಆಗಿರಬಹುದು. ಅವರು ಆ ಗಳಿಗೆಯಲ್ಲಿ ಏನು ಮಾಡುವರೆಂಬುದು, ಇಂದು ನಾವು ನಮ್ಮ ಮನೆಗಳಲ್ಲಿ ಅವರೊಡನೆ ಹೇಗೆ ನಡೆದುಕೊಳ್ಳುತ್ತೇವೆಂಬುದನ್ನು ಅವಲಂಬಿಸಿದೆ.

ಆದುದರಿಂದ, ವಾಚಕರೇ, ನಿಮ್ಮಲ್ಲಿ ಒಂದು ಬಿನ್ನಹ. ನಿಮ್ಮ ಮಗನೋ ಮಗಳೋ ದೂರದ ದೇಶದಲ್ಲಿರಬಹುದು. ಮನೆಯಲ್ಲಿ ಅಜ್ಜಿ ಹಾಸಿಗೆ ಹಿಡಿದಿರಬಹುದು. ‘ಅವರಿಗೇಕೆ ಸುಮ್ಮನೆ ಚಿಂತೆ’ ಎಂದು ಹೇಳದೆ ಇದ್ದಿರಬಹುದು. ಅವರೂ ತಮ್ಮ ಕಷ್ಟವನ್ನು ನಿಮಗೆ ಹೇಳದೆ ‘ಎಲ್ಲ ಚೆನ್ನಾಗಿದೆ’ ಎನ್ನುತ್ತಿರಬಹುದು. ಎರಡೂ ಕಡೆಯವರು ಪ್ರೀತಿಯಿಂದಲೇ ಒಬ್ಬರನ್ನೊಬ್ಬರು ವಂಚಿಸುತ್ತಿರುತ್ತಾರೆ. ಇಂದು ಒಂದು ಮಾತು ಮಾಡಿಕೊಳ್ಳಿ: ಕೇಡಾಗಲಿ ಒಳಿತಾಗಲಿ, ಹೊತ್ತು ನೋಡಿ, ಮೆಲ್ಲಗೆ, ಆದರೆ ತಪ್ಪದೆ ಹೇಳುವೆವೆಂದು. ಆ ಒಂದು ಮಾತಿನ ಬಲದಿಂದ ಉಳಿದ ದಿನಗಳ ‘ಕ್ಷೇಮ’ವೆಂಬ ಶಬ್ದಕ್ಕೆ ಬೆಲೆ ಬರುತ್ತದೆ.

ಆ ಹುಡುಗನು ಇಂದು ಮೊಮ್ಮಕ್ಕಳನ್ನು ಕಂಡ ಹಿರಿಯನಾಗಿದ್ದಾನೆ. ಕೆಲವು ವರ್ಷಗಳ ಹಿಂದೆ ಒಂದು ಮದುವೆಯಲ್ಲಿ ಭೇಟಿಯಾದಾಗ ನಾನು ಆ ತಂತಿಯ ಮಾತನ್ನೆತ್ತಿ, ಅಂದು ತಪ್ಪು ಮಾಡಿದೆನೆಂದು ಹೇಳಿದೆ. ಅವನು ನನ್ನ ಕೈ ಹಿಡಿದುಕೊಂಡು, “ನಿಮ್ಮ ಕೆಟ್ಟ ಮನಸ್ಸಲ್ರಿ ಗುರುಗಳ, ಅದು ನನಗ ಗೊತ್ತೈತಿ. ಆದ್ರ ನಾ ನನ್ನ ಮಕ್ಕಳಿಗೆ ಹಂಗ ಮಾಡಿಲ್ರಿ” ಎಂದ. ದೂರದ ಹಾದಿಗೆ ಹೊರಟ ಮನಸ್ಸಿಗೆ ಕಟ್ಟಿಕೊಡಬೇಕಾದ ಬುತ್ತಿ ಯಾವುದೆಂಬುದನ್ನು ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.